ಎರಡು ಭಾಷೆಯ ಪುಸ್ತಕ, ಮೂರು ಭಾಷೆಯ ತರಗತಿ: ಒಂದು ಅಭ್ಯಾಸ ಮಾಲೆಯ ವಿಮರ್ಶೆ

ಹೋದ ವರ್ಷದ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ದಾನಿಯೊಬ್ಬರ ಹಣದಿಂದ ಹನ್ನೆರಡು ಕಟ್ಟು ದ್ವಿಭಾಷಾ ಅಭ್ಯಾಸ ಪುಸ್ತಕಗಳನ್ನು ತರಿಸಿಕೊಟ್ಟರು. ಒಂದು ಕಟ್ಟಿನಲ್ಲಿ ಮೂರು ಪುಸ್ತಕಗಳಿವೆ: ಗಣಿತ ಅಭ್ಯಾಸ, ಪರಿಸರ ಅಧ್ಯಯನ ಮತ್ತು ಒಂದು ಸಚಿತ್ರ ಪದಕೋಶ. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಪ್ರತಿ ಪಾಠದ ಮೇಲ್ಭಾಗದಲ್ಲಿ ಧ್ವನಿಮುದ್ರಣಕ್ಕೆಂದು ಕ್ಯೂಆರ್ ಕೋಡ್. ಕಟ್ಟಿನ ಬೆಲೆ 480 ರೂಪಾಯಿ. ಒಂದು ಶೈಕ್ಷಣಿಕ ವರ್ಷ ಪೂರ್ತಿ ಎರಡು ಮತ್ತು ಮೂರನೆಯ ತರಗತಿಯ ಮಕ್ಕಳೊಂದಿಗೆ ಇವನ್ನು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರು ಹೇಳುತ್ತಿಲ್ಲ. ಇದೇ ಅಚ್ಚಿನ ನಾಲ್ಕಾರು ಮಾಲೆಗಳು ಈಗ ಅಂಗಡಿಗಳಲ್ಲಿವೆ, ಗುಣದೋಷಗಳೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಬ್ಬರನ್ನೇ ಹಿಡಿದು ಜಗ್ಗುವುದು ನ್ಯಾಯವಲ್ಲ.

ಇಂಥ ಪುಸ್ತಕಗಳಿಗೆ ಬೇಡಿಕೆ ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದವು. ಅಲ್ಲಿಯ ತನಕ ಮಾಧ್ಯಮದ ಪ್ರಶ್ನೆ ನ್ಯಾಯಾಲಯಗಳ ಅಂಗಳದಲ್ಲಿ ಸುತ್ತುತ್ತಿತ್ತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಿರಬೇಕೆಂದು ರಾಜ್ಯ ಸರ್ಕಾರ 1994ರ ಏಪ್ರಿಲ್ 29ರಂದು ಹೊರಡಿಸಿದ ಆದೇಶ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆಯೇ ಎಂಬ ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ಹಾದು, 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದಲ್ಲಿ ಸರ್ಕಾರದ ವಿರುದ್ಧ ತೀರ್ಮಾನವಾಯಿತು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪೋಷಕರೇ, ಅದನ್ನು ಮಾಧ್ಯಮವಾಗಿ ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದು ಆ ತೀರ್ಪಿನ ಸಾರ. ಆನಂತರ ಐದೇ ವರ್ಷಗಳಲ್ಲಿ ಸರ್ಕಾರ ತನ್ನ ಶಾಲೆಗಳಲ್ಲೇ ಇಂಗ್ಲಿಷ್ ವಿಭಾಗ ತೆರೆಯಿತು, ಎರಡೂ ಭಾಷೆಯಲ್ಲಿ ಮುದ್ರಿಸಿದ ಪಠ್ಯಪುಸ್ತಕಗಳು ಬಂದವು, ಅವುಗಳ ಬೆನ್ನಿಗೇ ಖಾಸಗಿ ಅಭ್ಯಾಸ ಪುಸ್ತಕಗಳ ಸಂತೆ ನೆರೆಯಿತು.

ನಾನು ಪಾಠ ಮಾಡುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಸೀಮೆಯಲ್ಲಿ. ಹೈದರಾಬಾದಿಗೆ ಹೋಗುವ ಹೆದ್ದಾರಿ ನಮ್ಮ ಪಕ್ಕದಲ್ಲೇ ಹಾದು ಆಂಧ್ರವನ್ನು ಸೇರುತ್ತದೆ. ಇಲ್ಲಿನ ಬಹುಪಾಲು ಮನೆಗಳಲ್ಲಿ ತೆಲುಗು ಮಾತು. ಕನ್ನಡ ಶಾಲೆಯದು, ಕಚೇರಿಯದು, ಬಸ್ಸಿನ ಬೋರ್ಡಿನದು. ಇದೇನೂ ನಿನ್ನೆ ಮೊನ್ನೆಯ ಸಂಗತಿಯಲ್ಲ. ಸಂತಕವಿ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ಸೀಮೆ ಇದು, ಆ ಪದಗಳನ್ನು ಹಾಡುವವರಿಗೆ ಯಾವ ಸಾಲು ಯಾವ ಭಾಷೆಯದೆಂಬ ಚಿಂತೆ ಇವತ್ತಿಗೂ ಇಲ್ಲ. ಆದರೆ ದ್ವಿಭಾಷಾ ಪುಸ್ತಕ ಬರೆದವರಿಗೆ ಒಂದು ವಿಷಯದಲ್ಲಿ ಅನುಮಾನವೇ ಬಂದಂತಿಲ್ಲ: ಮನೆಯ ಭಾಷೆ ಕನ್ನಡ, ಶಾಲೆಯ ಭಾಷೆ ಇಂಗ್ಲಿಷ್, ನಡುವೆ ಒಂದು ಸೇತುವೆ ಕಟ್ಟಿದರೆ ಕೆಲಸ ಮುಗಿಯಿತು ಎಂದು ಅವರು ಭಾವಿಸಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಶೇ. 66ರಷ್ಟು. ಉಳಿದ ಮೂರನೆಯ ಒಂದು ಭಾಗದ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ ಮತ್ತಿತರ ಭಾಷೆಗಳಿವೆ. ಆ ಮನೆಗಳ ಮಕ್ಕಳ ದಡದಲ್ಲಿ ಈ ಸೇತುವೆಯ ಕಂಬವೇ ಇಲ್ಲ.

ಗಣಿತ ಪುಸ್ತಕದ ಭಾಗಾಕಾರದ ಪಾಠದಲ್ಲಿ ‘ಸಮಪಾಲು ಮಾಡಿ’ ಎಂಬ ಶೀರ್ಷಿಕೆ ಇದೆ. ಎರಡು ತಟ್ಟೆ, ಎಂಟು ಲಡ್ಡು. ‘ಒಬ್ಬೊಬ್ಬರಿಗೆ ಎಷ್ಟು ಪಾಲು?’ ಎಂದು ನಾನು ಓದಿದೊಡನೆ ಮುಂದಿನ ಸಾಲಿನ ಹುಡುಗಿ ಕಿಸಕ್ಕನೆ ನಕ್ಕು, ‘ಪಾಲು ಅಂಟೆ ತಾಗೇವಿ ಕದಾ ಸಾರ್’ ಎಂದಳು. ಪಾಲು ಎಂದರೆ ಕುಡಿಯುವುದಲ್ಲವೇ ಎಂಬುದು ಅವಳ ಪ್ರಶ್ನೆ. ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ. ಭಾಗ ಎಂಬ ಅರ್ಥವೂ ಆ ಭಾಷೆಯಲ್ಲಿ ಉಂಟು, ಆದರೆ ಏಳು ವರ್ಷದ ಮಗುವಿನ ನಾಲಿಗೆಯ ಮೇಲೆ ಮೊದಲು ಬರುವುದು ಲೋಟದ ಹಾಲೇ. ಪದಕೋಶದಲ್ಲಿ ಉಂಗುರದ ಚಿತ್ರದ ಕೆಳಗೆ ‘ಚಿನ್ನ’ ಎಂದು ಬರೆದ ಪುಟದಲ್ಲೂ ಹೀಗೇ ಆಯಿತು. ತೆಲುಗಿನ ಚಿನ್ನ ಎಂದರೆ ಚಿಕ್ಕದು. ಇಷ್ಟು ದೊಡ್ಡದಾಗಿ ಬರೆದ ಉಂಗುರವನ್ನು ಚಿಕ್ಕದು ಎನ್ನುತ್ತಾರಲ್ಲ ಎಂದು ಇಬ್ಬರು ಹುಡುಗರು ವಾದಕ್ಕೇ ನಿಂತರು. ಇವು ಪುಸ್ತಕದ ತಪ್ಪುಗಳಲ್ಲ ಎಂಬುದನ್ನು ಒಪ್ಪುತ್ತೇನೆ. ಕನ್ನಡದಲ್ಲಿ ಪಾಲು ಪಾಲೇ, ಚಿನ್ನ ಚಿನ್ನವೇ. ಆದರೂ ಇಂಥ ಮಕ್ಕಳು ತರಗತಿಯಲ್ಲಿದ್ದಾರೆಂಬ ಅರಿವಿದ್ದಿದ್ದರೆ ಶಿಕ್ಷಕರ ಟಿಪ್ಪಣಿಯಲ್ಲಿ ಎರಡು ಸಾಲು ಸೇರಿಸುವುದು ಕಷ್ಟವಾಗುತ್ತಿರಲಿಲ್ಲ.

ಪುಸ್ತಕದ ನಿಜವಾದ ತಪ್ಪು ಬೇರೆಡೆ ಇದೆ. ಎಡಪುಟದ ಕನ್ನಡ ಯಾರೂ ಆಡುವ ಕನ್ನಡವಲ್ಲ. ಅದು ಬಲಪುಟದ ನೆರಳು. ‘ರಾಜು 5 ಸೇಬುಗಳನ್ನು ಹೊಂದಿದ್ದಾನೆ’ ಎಂದು ಪಾಠ ಶುರುವಾಗುತ್ತದೆ. ಸೇಬನ್ನು ಯಾರಾದರೂ ಹೊಂದುತ್ತಾರೆಯೇ? ರಾಜುವಿನ ಹತ್ತಿರ ಐದು ಸೇಬು ಇವೆ, ಅಷ್ಟೆ. ಐದು ಎಂದ ಮೇಲೆ ‘ಗಳು’ ಹಚ್ಚುವ ಅಗತ್ಯವೂ ಮಾತಿನಲ್ಲಿ ಇಲ್ಲ. ಐದು ಸೇಬು, ಹತ್ತು ರೂಪಾಯಿ, ಎರಡು ಬಸ್ಸು ಎಂದೇ ಜನ ಆಡುತ್ತಾರೆ.

ಇದನ್ನು ಬರಿಯ ಶೈಲಿಯ ದೂರೆಂದು ತಳ್ಳಿಹಾಕುವವರಿಗಾಗಿ ಕಳೆಯುವ ಲೆಕ್ಕದ ಪುಟವನ್ನು ಎತ್ತಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ‘ಸಬ್‌ಟ್ರಾಕ್ಟ್ ತ್ರೀ ಫ್ರಮ್ ಫೈವ್’ ಎನ್ನುವಾಗ ಮೂರು ಮೊದಲು ಕೇಳಿಸುತ್ತದೆ, ಐದು ಆಮೇಲೆ. ಬರೆಯುವಾಗ ಮಾತ್ರ 5 ಮೊದಲು, 3 ಆಮೇಲೆ. ಕೇಳಿದ ಕ್ರಮದಲ್ಲೇ ಬರೆಯುವ ಮಗು 3 – 5 ಎಂದು ಬರೆದು ಪೆಟ್ಟು ತಿನ್ನುತ್ತದೆ. ಕನ್ನಡದಲ್ಲಿ ಈ ತೊಡಕೇ ಇಲ್ಲ. ‘ಐದರಲ್ಲಿ ಮೂರು ಕಳೆದರೆ ಎಷ್ಟು?’ ಎಂದು ಕೇಳುತ್ತೇವೆ, ಕಿವಿಗೆ ಬಿದ್ದ ಕ್ರಮವೂ ಸ್ಲೇಟಿನ ಮೇಲಿನ ಕ್ರಮವೂ ಒಂದೇ. ತೆಲುಗಿನಲ್ಲೂ ‘ಐದುಲೋ ಮೂಡು ತೀಸೇಸ್ತೇ ಎಂತ?’ ಎನ್ನುತ್ತಾರೆ, ಅದೇ ಕ್ರಮ. ಎಂದರೆ ಇಂಗ್ಲಿಷಿನ ಒಂದು ಕಷ್ಟವನ್ನು ಕನ್ನಡದ ಪುಟ ಬಿಡಿಸಿಕೊಡಬಹುದಾಗಿತ್ತು, ಮತ್ತು ನಮ್ಮ ತೆಲುಗು ಮಕ್ಕಳಿಗೂ ಆ ಸಹಾಯ ಪೂರ್ತಿಯಾಗಿ ದಕ್ಕುತ್ತಿತ್ತು. ಪುಸ್ತಕದ ಎಡಪುಟ ಏನು ಹೇಳುತ್ತದೆ? ‘3 ಅನ್ನು 5 ರಿಂದ ಕಳೆಯಿರಿ.’ ಇಂಗ್ಲಿಷಿನ ತೊಡಕನ್ನು ಜೋಪಾನವಾಗಿ ಹೊತ್ತು ತಂದು ಕನ್ನಡಕ್ಕೂ ಇಳಿಸಿದ್ದಾರೆ. ಈ ಒಂದು ಸಾಲನ್ನು ಓದಿದಾಗ, ಅನುವಾದಕರು ಮಕ್ಕಳ ಮುಂದೆ ಕೂತು ಒಮ್ಮೆಯೂ ಲೆಕ್ಕ ಕೇಳಿಲ್ಲ ಎಂಬುದು ನನಗೆ ಖಚಿತವಾಯಿತು.

ಸಂಖ್ಯೆಗಳ ಹೆಸರಿನಲ್ಲೂ ಇಂಥದೇ ಅವಕಾಶ ಕೈತಪ್ಪಿದೆ. ಹದಿನಾಲ್ಕು ಎಂದಾಗ ಹತ್ತು ಮೊದಲು, ನಾಲ್ಕು ಆಮೇಲೆ; ತೆಲುಗಿನ ಪದ್ನಾಲುಗು ಹಾಗೇ ಇದೆ. ಇಂಗ್ಲಿಷಿನ ಫೋರ್ಟೀನ್ ಮಾತ್ರ ತಿರುವುಮುರುವು, ಅದಕ್ಕೇ ಮಕ್ಕಳು ಫೋರ್ಟೀನ್ ಕೇಳಿ 41 ಬರೆಯುವುದುಂಟು. ಎರಡೂ ಹೆಸರುಗಳನ್ನು ಅಕ್ಕಪಕ್ಕ ಅಚ್ಚು ಹಾಕಿದ ಪುಸ್ತಕ, ನೋಡಿ ಇಲ್ಲಿ ಕ್ರಮ ಬೇರೆ ಎಂದು ಒಂದು ಬಾಣದ ಗುರುತು ಹಾಕಿದ್ದರೂ ಸಾಕಿತ್ತು. ಎರಡು ಭಾಷೆಯನ್ನು ಒಂದೇ ಹಾಳೆಯಲ್ಲಿ ಇಡುವುದರ ಲಾಭ ಅವುಗಳನ್ನು ಹೋಲಿಸುವುದರಲ್ಲಿದೆ. ಈ ಮಾಲೆ ಪಕ್ಕಪಕ್ಕ ಇಟ್ಟಿದೆಯೇ ಹೊರತು ಎಲ್ಲಿಯೂ ಹೋಲಿಸಿಲ್ಲ.

ಪರಿಸರ ಅಧ್ಯಯನದ ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಜಲಮೂಲಗಳು’ ಎಂಬ ಪಾಠದಲ್ಲಿ ನದಿ, ಸರೋವರ, ಸಾಗರಗಳಿವೆ. ಕೆರೆ ಇಲ್ಲ, ಕುಂಟೆ ಇಲ್ಲ, ಬೋರು ಇಲ್ಲ. ವರ್ಷದ ಬಹುಕಾಲ ಮರಳು ಕಾಣುವ ಚಿತ್ರಾವತಿಯನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಹಡಗಿನ ಚಿತ್ರ ತೋರಿಸಿ ನೀರು ಎಲ್ಲಿಂದ ಬರುತ್ತದೆ ಎಂದರೆ ‘ಟ್ಯಾಂಕರಿನಿಂದ’ ಎನ್ನುತ್ತಾರೆ, ಅದು ಸರಿಯುತ್ತರವೂ ಹೌದು. ಊಟದ ಪಾಠದಲ್ಲಿ ಟೋಸ್ಟು, ಕಾರ್ನ್‌ಫ್ಲೇಕ್ಸ್. ಮುದ್ದೆಯನ್ನು ಹುಡುಕಿ ಸೋತೆ. ಇಲ್ಲಿ ಇನ್ನೂ ಒಂದು ಮಾತು: ‘ಜಲಮೂಲ’ ಎಂಬ ಶಬ್ದ ತೆಲುಗು ಮನೆಯ ಮಗುವಿಗಷ್ಟೇ ಅಲ್ಲ, ಅಚ್ಚಗನ್ನಡ ಮನೆಯ ಮಗುವಿಗೂ ಹೊಸದು. ವ್ಯವಕಲನವೂ ಅಷ್ಟೇ ಹೊಸದು, ಸಬ್‌ಟ್ರಾಕ್ಷನ್ನೂ ಅಷ್ಟೇ ಹೊಸದು. ಕನ್ನಡ ಮಾಧ್ಯಮ ಸುಲಭ ಎನ್ನುವವರು ಪಠ್ಯಪುಸ್ತಕದ ಕನ್ನಡವನ್ನು ಒಮ್ಮೆ ತೆರೆದು ನೋಡಬೇಕು.

ಮುದ್ರಣದ ಬಗ್ಗೆ. ಬಲಪುಟದ ಇಂಗ್ಲಿಷ್ ಅಕ್ಷರಗಳು ದೊಡ್ಡವು, ಕಪ್ಪು, ಸಾಲುಗಳ ನಡುವೆ ಗಾಳಿ ಬೆಳಕು ಚೆನ್ನಾಗಿದೆ. ಎಡಪುಟದ ಕನ್ನಡ ಬೂದುಬಣ್ಣದಲ್ಲಿ, ಎರಡು ಅಳತೆ ಚಿಕ್ಕದಾಗಿದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ ಸಾಲಿನ ಎತ್ತರ ಹೆಚ್ಚು ಬೇಕು. ಇಂಗ್ಲಿಷಿಗೆ ಹೊಂದಿಸಿದ ಚೌಕಟ್ಟಿನಲ್ಲೇ ಕನ್ನಡವನ್ನೂ ತುರುಕಿದ್ದರಿಂದ ‘ವಸ್ತ್ರ’ದ ಒತ್ತು ಕೆಳಗಿನ ಸಾಲಿನ ‘ಗಿಡ’ದ ಗುಡಿಸಿಗೆ ಹೋಗಿ ತಾಗುತ್ತದೆ. ಓದಲು ಆಗಷ್ಟೇ ಕಲಿಯುತ್ತಿರುವ ಮಗು ಅದನ್ನು ಹೊಸದೊಂದು ಅಕ್ಷರ ಎಂದುಕೊಂಡರೆ ದೂರುವಂತಿಲ್ಲ. ಮೂರನೆಯ ತರಗತಿಯ ಭಾಗಕ್ಕೆ ಬರುವಷ್ಟರಲ್ಲಿ ಕನ್ನಡ ಪುಟದಿಂದಲೇ ಕಾಣೆಯಾಗಿ ಅಡಿಟಿಪ್ಪಣಿಯ ಶಬ್ದಾರ್ಥವಾಗಿ ಉಳಿಯುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಶಿಕ್ಷಣ ನೀತಿಯಾದ 1854ರ ವುಡ್ ವರದಿ ಕೆಳಹಂತದಲ್ಲಿ ದೇಶಭಾಷೆ, ಮೇಲ್ಹಂತದಲ್ಲಿ ಇಂಗ್ಲಿಷ್ ಎಂಬ ಏಣಿಯನ್ನು ಹಾಕಿಕೊಟ್ಟಿತ್ತು. ಕಂಪನಿ ಸರ್ಕಾರ ಹೋಗಿ, ರಾಣಿಯ ಸರ್ಕಾರ ಹೋಗಿ, ನಮ್ಮದೇ ಸರ್ಕಾರಗಳು ಬಂದರೂ ಆ ಏಣಿ ಮಾತ್ರ ಈ 480 ರೂಪಾಯಿಯ ಕಟ್ಟಿನೊಳಗೆ ಗಟ್ಟಿಯಾಗಿ ನಿಂತಿದೆ.

ಧ್ವನಿಮುದ್ರಣ ಮಾತ್ರ ನಿರೀಕ್ಷೆಗಿಂತ ಚೆನ್ನಾಗಿದೆ. ಇಂಗ್ಲಿಷ್ ಓದಿರುವ ಹೆಣ್ಣು ದನಿ ನಿಧಾನವಾಗಿದೆ, ನಮ್ಮ ಕಡೆಯ ಉಚ್ಚಾರಣೆಗೆ ಹತ್ತಿರವಿದೆ, ನನ್ನಂಥ ಕನ್ನಡ ಮಾಧ್ಯಮದಲ್ಲಿ ಓದಿದ ಶಿಕ್ಷಕರಿಗೆ ನಾಚಿಕೆಯಿಲ್ಲದೆ ಕಲಿಯಲು ಅನುಕೂಲ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ: ಇಂಗ್ಲಿಷ್ ವಿಭಾಗಕ್ಕೆ ನೇಮಕವಾದವರು ಬಹಳಷ್ಟು ಮಂದಿ ನಾವೇ, ಕೆಲವು ದಿನಗಳ ತರಬೇತಿಯ ಬಲದ ಮೇಲೆ ನಿಂತವರು. ಆದರೆ ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಬಿಸಿಯೂಟದ ಕೋಣೆಯ ಹಿಂದೆ. ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳುವ ಸೌಲಭ್ಯ ಕೊಟ್ಟಿಲ್ಲವಾದ್ದರಿಂದ ಆ ಕೋಡುಗಳನ್ನು ಹೆಚ್ಚಾಗಿ ಬಳಸಲು ಆಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಎಡಪುಟದಿಂದ ಒಂದು ಲಾಭ ಆದದ್ದನ್ನು ಮರೆಮಾಚಬಾರದು. ದಸರಾ ರಜೆಗೆ ಪುಸ್ತಕಗಳನ್ನು ಮನೆಗೆ ಕೊಟ್ಟು ಕಳಿಸಿದ್ದೆ. ರಜೆ ಮುಗಿದ ಮೇಲೆ ಒಬ್ಬ ತಾಯಿ ಶಾಲೆಗೆ ಬಂದು, ‘ಈ ಲೆಕ್ಕ ತಪ್ಪಾಗಿದೆ ನೋಡಿ ಸಾರ್’ ಎಂದು ಉತ್ತರದ ಪುಟ ತೋರಿಸಿದರು. ನಿಜಕ್ಕೂ ತಪ್ಪಿತ್ತು. ಅವರು ಐದನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಓದಿದವರು. ಬರಿ ಇಂಗ್ಲಿಷ್ ಪುಸ್ತಕವಾಗಿದ್ದರೆ ಅದನ್ನು ಮುಟ್ಟುತ್ತಲೇ ಇರಲಿಲ್ಲ ಎಂದು ಅವರೇ ಹೇಳಿದರು. ಆ ಮನೆಯಲ್ಲಿ ಏನು ನಡೆಯಿತೆಂದು ಯೋಚಿಸಿ: ತಾಯಿ ಎಡಪುಟವನ್ನು ಕನ್ನಡದಲ್ಲಿ ಓದಿದರು, ಮಗನಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು, ಮಗ ಬಲಪುಟದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬರೆದ. ಪ್ರಕಾಶಕರು ಎಡಪುಟವನ್ನು ಮಗುವಿಗೆಂದು ಅಚ್ಚು ಹಾಕಿದರೂ ಅದರ ನಿಜವಾದ ಓದುಗರು ಪೋಷಕರು, ಮತ್ತು ಗುಟ್ಟಾಗಿ ನಾವು ಶಿಕ್ಷಕರು. ಈ ಸಂಗತಿಯನ್ನು ಅರಿತು ಬರೆದಿದ್ದರೆ ಎಡಪುಟದ ರೂಪವೇ ಬೇರೆಯಾಗುತ್ತಿತ್ತು.

ಮೂರು ಪುಸ್ತಕಗಳಲ್ಲಿ ಪದಕೋಶವೊಂದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಅದೂ ಪ್ರಕಾಶಕರು ಯೋಚಿಸದೆ ಬಿಟ್ಟ ಒಂದು ಗುಣಕ್ಕಾಗಿ. ಪ್ರತಿ ಚಿತ್ರದ ಕೆಳಗೆ ಕನ್ನಡ ಮತ್ತು ಇಂಗ್ಲಿಷ್ ಪದಗಳಿದ್ದು, ಬಲಕ್ಕೆ ಎರಡು ಬೆರಳಗಲ ಬಿಳಿ ಜಾಗ ಖಾಲಿ ಇದೆ. ಆಗಸ್ಟಿನಲ್ಲಿ ಒಂದು ದಿನ ಆ ಜಾಗದಲ್ಲಿ ಮನೆಮಾತನ್ನು ಬರೆಯಲು ಮಕ್ಕಳಿಗೆ ಹೇಳಿದೆ, ಕನ್ನಡ ಲಿಪಿಯಲ್ಲೇ, ಪೆನ್ಸಿಲಿನಲ್ಲಿ. ಹಾಲಿನ ಪಕ್ಕ ಪಾಲು, ಹುಲಿಯ ಪಕ್ಕ ಪುಲಿ, ಹಂದಿಯ ಪಕ್ಕ ಪಂದಿ, ಹಾವಿನ ಪಕ್ಕ ಪಾಮು, ಹೂವಿನ ಪಕ್ಕ ಪುವ್ವು. ಆರನೆಯ ಪದಕ್ಕೆ ಬರುವಷ್ಟರಲ್ಲಿ ಒಬ್ಬ ಹುಡುಗ ಎದ್ದು ನಿಂತು, ಕನ್ನಡದ ಹಕಾರ ಇರುವಲ್ಲಿ ನಾವು ಪಕಾರ ಹಾಕುತ್ತೇವೆ ಸಾರ್ ಎಂದು ತೆಲುಗಿನಲ್ಲೇ ಸಾರಿದ. ಹಳಗನ್ನಡದ ಪಾಲು, ಪುಲಿ, ಪಾವುಗಳೇ ಕಾಲಾಂತರದಲ್ಲಿ ಹಾಲು, ಹುಲಿ, ಹಾವು ಆದವೆಂದು ನಾನು ಡಿ.ಇಡಿ. ಮುಗಿಸಿದ ಮೇಲೆ ಎಲ್ಲೋ ಓದಿದ್ದೆ; ಅವನಿಗೆ ಅದು ಎರಡನೆಯ ತರಗತಿಯಲ್ಲೇ ಹೊಳೆಯಿತು. ಮಾರನೆಯ ದಿನ ಹುಡುಗಿಯರು ಇನ್ನೊಂದನ್ನು ತಂದರು: ಕೈಗೆ ಚೆಯ್ಯಿ, ಕಿವಿಗೆ ಚೆವಿ, ಕೆರೆಗೆ ಚೆರುವು. ಕಕಾರಕ್ಕೆ ಚಕಾರ. ಆಮೇಲೆ ಹೊಸ ಕನ್ನಡ ಪದ ಕಂಡಾಗಲೆಲ್ಲ ಅದರ ತೆಲುಗನ್ನು ಊಹಿಸುವುದು ತರಗತಿಯ ಆಟವೇ ಆಗಿಹೋಯಿತು. ಊಹೆ ಅನೇಕ ಸಲ ತಪ್ಪುತ್ತಿತ್ತು. ಹೆಸರಿಗೆ ಪೆಸರು ಎಂದವನನ್ನು ಉಳಿದವರು ಪೇರು ಎಂದು ತಿದ್ದಿದರು. ಹಳಗನ್ನಡದಲ್ಲಿ ಅದು ಪೆಸರೇ ಆಗಿತ್ತು, ನೀನು ತಪ್ಪಿಲ್ಲ ಎಂದು ನಾನು ಅವನ ಪರ ವಾದಿಸಬೇಕಾಯಿತು.

ಇದನ್ನು ನಾನು ಕಂಡುಹಿಡಿದ ಮಹಾ ವಿಧಾನವೆಂದು ಹೇಳಿಕೊಳ್ಳುತ್ತಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಕಾರ್ಯಸಾಧ್ಯವಾದ ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಹೇಳುತ್ತದೆ. ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ‘ಕಾರ್ಯಸಾಧ್ಯವಾದ ಮಟ್ಟಿಗೆ’, ‘ಸಾಧ್ಯವಿರುವಲ್ಲೆಲ್ಲ’ ಎಂಬ ಎರಡು ಪದಪುಂಜಗಳ ಸಂದಿಯಲ್ಲಿ ನಮ್ಮಂಥ ಶಾಲೆಗಳು ಜಾರಿಹೋಗುತ್ತವೆ. ಹನ್ನೆರಡು ಮಕ್ಕಳ ತೆಲುಗಿಗೆ ಪ್ರತ್ಯೇಕ ವಿಭಾಗ ತೆರೆಯಿರಿ ಎಂದು ನಾನೂ ಕೇಳುವುದಿಲ್ಲ, ಪೋಷಕರಂತೂ ಕೇಳುವುದೇ ಇಲ್ಲ. ಅವರಿಗೆ ಬೇಕಾದದ್ದು ಇಂಗ್ಲಿಷ್. ಆದರೆ ಎರಡು ಬೆರಳಗಲ ಖಾಲಿ ಜಾಗ ಕೇಳಬಹುದು. ಅದಕ್ಕೆ ಆದೇಶವೂ ಬೇಡ, ಅನುದಾನವೂ ಬೇಡ.

ಮುಂದಿನ ಮುದ್ರಣದಲ್ಲಿ ಗಣಿತ ಪುಸ್ತಕಕ್ಕೂ ಇಂಥ ಅಂಚು ಬಿಡಿ, ಮತ್ತು ಕಳೆಯುವ ಲೆಕ್ಕದ ವಾಕ್ಯಗಳನ್ನು ತಿದ್ದಿ ಎಂದು ಪ್ರಕಾಶಕರಿಗೆ ನಾಲ್ಕು ಪುಟದ ಪತ್ರ ಬರೆದೆ. ಉತ್ತರ ಬರಲಿಲ್ಲ. ಫೋನ್ ಮಾಡಿದಾಗ ಮಾರಾಟ ವಿಭಾಗದವರು ಮರ್ಯಾದೆಯಿಂದಲೇ ಮಾತಾಡಿದರು. ಗಡಿಭಾಗದ ಶಾಲೆಗಳಿಂದ ಬೇಡಿಕೆ ಕಡಿಮೆ, ಪುಟದ ಅಳತೆ ಬದಲಿಸಿದರೆ ಬೆಲೆ ಏರುತ್ತದೆ, ಕನ್ನಡ ಭಾಗವನ್ನು ‘ತಜ್ಞರು’ ನೋಡಿದ್ದಾರೆ ಎಂದರು. ತಪ್ಪು ಉತ್ತರವಿದ್ದ ಪುಟಕ್ಕೆ ತಿದ್ದೋಲೆ ಕಳಿಸುವುದಾಗಿ ಹೇಳಿದ್ದು ಈವರೆಗೆ ತಲುಪಿಲ್ಲ.

ಕೊಳ್ಳಬೇಕೆಂದಿರುವವರಿಗೆ: ಗಣಿತ ಪುಸ್ತಕವನ್ನು ಈಗಿರುವ ರೂಪದಲ್ಲಿ ನಾನು ಮತ್ತೆ ತರಿಸುವುದಿಲ್ಲ. ಎಡಪುಟದ ವಾಕ್ಯಗಳನ್ನು ತಾವೇ ತಿದ್ದಿ ಹೇಳುವ ತಾಳ್ಮೆ ಇರುವ ಶಿಕ್ಷಕರು ಬಳಸಬಹುದು, ಲೆಕ್ಕಗಳ ಆಯ್ಕೆ ಕೆಟ್ಟದ್ದೇನಲ್ಲ. ಪರಿಸರ ಅಧ್ಯಯನದ ಪುಸ್ತಕ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಹೊಂದಬಹುದೇನೋ. ಪದಕೋಶ ಬಿಡಿಯಾಗಿ 150 ರೂಪಾಯಿಗೆ ಸಿಗುತ್ತದೆ, ಈ ಜೂನಿಗೆ ಅದರ ಇಪ್ಪತ್ತು ಪ್ರತಿಗಳಿಗೆ ಎಸ್‌ಡಿಎಂಸಿ ಒಪ್ಪಿದೆ. ಅಂಟಿನ ಬೈಂಡಿಂಗ್ ಅಕ್ಟೋಬರಿಗೇ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ತಂದ ದಿನವೇ ಬೆನ್ನಿಗೆ ಮೂರು ತೂತು ಹಾಕಿ ದಾರದಿಂದ ಹೊಲಿದುಬಿಡಿ. ಮಕ್ಕಳಿಗೆ ಪೆನ್ನು ಕೊಡಬೇಡಿ, ಪೆನ್ಸಿಲ್ ಕೊಡಿ. ಆ ನುಣುಪು ಕಾಗದದ ಮೇಲೆ ಶಾಯಿ ಹರಡುತ್ತದೆ, ಮತ್ತು ಪೇರೋ ಪೆಸರೋ ಎಂಬ ಜಗಳ ಮುಗಿಯುವ ತನಕ ಅಳಿಸುವ ಅವಕಾಶ ಇರಬೇಕು.